ಟವಲಿಲ್ಲದೆ ಹೋದ ಅಶ್ವತ್ಥಪ್ಪ

ಅಶ್ವತ್ಥಪ್ಪ ಹುಟ್ಟುಕಿವುಡ. ಗೌನಿಪಲ್ಲಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವ ತೊಂದರೆ ಯಾರೂ ತೆಗೆದುಕೊಳ್ಳಲಿಲ್ಲ. ಊರಿಗೆಲ್ಲ ಅವನು ಮೂಗ. ಹೇಗೆ ಕರೆದರೂ ಅವನಿಗೆ ಕೇಳಿಸುತ್ತಿರಲಿಲ್ಲವಾದ್ದರಿಂದ ಇದರಿಂದ ಯಾರಿಗೆ ಏನು ಲಾಭವಾಯಿತೋ ತಿಳಿಯದು.

ಅವನ ಜೊತೆ ಮಾತಾಡುತ್ತಿದ್ದವಳು ತಾಯಿ ದೊಡ್ಡಮುನಿಯಮ್ಮ ಒಬ್ಬಳೇ. ಮೊದಮೊದಲು ಅವಳೂ ಕೈ ಬೀಸಿ, ಹುಬ್ಬು ಕುಣಿಸಿ ಬೀದಿಯಲ್ಲೇ ಮಾತಾಡಿಸುತ್ತಿದ್ದಳು. ಒಂದು ದಿನ ಬಾವಿಯ ಹತ್ತಿರ ಹೆಂಗಸರು ಬೆನ್ನ ಹಿಂದೆ ಅದನ್ನೇ ಅಣಕಿಸಿ ನಗುತ್ತಿದ್ದರು. ತಾಯಿ ನೋಡಿದಳು, ಮಗುವೂ ನೋಡಿತು. ಅವತ್ತಿನಿಂದ ಮಾತು ಸೆರಗಿನೊಳಗೆ ಸೇರಿತು. ಮಗನ ಅಂಗೈಯನ್ನು ಸೆರಗಿನ ಕೆಳಗೆ ಎಳೆದುಕೊಂಡು ಅಲ್ಲೇ ಬೆರಳಾಡಿಸಿ ಹೇಳುತ್ತಿದ್ದಳು. ಅಂಗೈ ನಡುವೆ ಹೆಬ್ಬೆರಳು ಒತ್ತಿದರೆ ‘ಉಂಡೆಯಾ?’, ಉಗುರಿನಿಂದ ಗೀರಿದರೆ ‘ನಡಿ, ಹೋಗೋಣ’. ಜನರೆದುರು ಅವನು ಕೈ ಎತ್ತಿದರೆ ಆ ಕೈಯ ಮೇಲೆ ಪಟ್ಟನೆ ಒಂದು ಏಟು ಬೀಳುತ್ತಿತ್ತು.

ಮೀಸೆ ಚಿಗುರುವ ಹೊತ್ತಿಗೆ ಅವನು ಶ್ರೀನಿವಾಸಪುರದ ಮಾವಿನ ಮಂಡಿ ಸೇರಿದ. ಹಣ್ಣು ಆರಿಸುವ ಕೆಲಸಕ್ಕೆ ತಾಯಿಯೂ ಬಂದಳು. ಆ ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈ ಹಿಡಿದು, ಮೇಲೊಂದು ಟವಲು ಹೊದಿಸಿ, ಬೆರಳು ಒತ್ತಿ ಬೆರಳು ಬಿಟ್ಟು ವ್ಯಾಪಾರ ಮುಗಿಸುತ್ತಾರೆ. ಅಶ್ವತ್ಥಪ್ಪನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಸೆರಗು ಹೋಗಿ ಟವಲು ಬಂತು, ಅಷ್ಟೆ. ಸಾಹುಕಾರ ಕೋದಂಡರಾಮಪ್ಪ ಕೆಲವೇ ದಿನಗಳಲ್ಲಿ ಅವನನ್ನೇ ವ್ಯಾಪಾರಕ್ಕೆ ಕೂರಿಸತೊಡಗಿದ.

ಟವಲು ಹೊದಿಸಿದಷ್ಟು ಹೊತ್ತು ಅವನು ಎಲ್ಲರಂತೆ. ತೆಗೆದರೆ ಮತ್ತೆ ಮೂಗ. ಇದರಿಂದ ಅವನಿಗೆ ನೋವಾಗುತ್ತಿತ್ತು. ತಾಯಿ ಒಂದು ಸಲವಾದರೂ ಮಂಡಿಯೆದುರು, ನಾಲ್ಕು ಜನ ನೋಡುವಂತೆ ತನ್ನನ್ನು ಮಾತಾಡಿಸಬೇಕು ಎಂಬುದೊಂದೇ ಅವನ ಆಸೆ. ಆ ಆಸೆಯನ್ನೂ ಸೆರಗಿನ ಕೆಳಗೇ ಹೇಳಬೇಕಾಯಿತು. ಹೇಳಿದ. ಅವಳು ಕೈ ಕಿತ್ತುಕೊಂಡಳು.

ಎಂಬತ್ತೊಂದರ ಬೇಸಿಗೆಯಲ್ಲಿ ಮಂಡಿಯ ಚಾವಣಿಗೆ ಹೆಂಚು ತಂದ ಲಾರಿಯಲ್ಲಿ ಮಾಲೂರಿನ ಕದಿರೇಶ ಬಂದಿಳಿದ. ಅವನೂ ಕಿವುಡನೇ, ಹೆಂಚಿನ ಕಾರ್ಖಾನೆಯಲ್ಲಿ ಕೆಲಸ. ಹೆಂಚು ಇಳಿಸುವುದರೊಳಗೆ ಇಬ್ಬರೂ ಒಬ್ಬರನ್ನೊಬ್ಬರು ಗುರುತು ಹಿಡಿದರು. ಮುಂದಿನ ಭಾನುವಾರ ಕದಿರೇಶ ಅವನನ್ನು ಬೆಂಗಳೂರಿಗೆ ಎಳೆದುಕೊಂಡು ಹೋದ. ಅಲ್ಲೊಂದು ಹಳೇ ಹಜಾರದಲ್ಲಿ ಕಿವುಡರೇ ಸೇರಿ ಹರಟುತ್ತಿದ್ದರು. ಅಷ್ಟೊಂದು ಕೈಗಳು ಒಟ್ಟಿಗೆ, ಎಲ್ಲರೆದುರು ಆಡುವುದನ್ನು ಅಶ್ವತ್ಥಪ್ಪ ಕಂಡಿದ್ದು ಅದೇ ಮೊದಲು. ಬಾಗಿಲಲ್ಲೇ ನಿಂತುಬಿಟ್ಟ.

ಅವರಲ್ಲಿ ಹಿರಿಯ ರಾಮಚಂದ್ರಪ್ಪ. ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಅವರು ಹೇಗೋ ಒಂದು ಸಲ ವಿದೇಶದ ಕಿವುಡರ ಸಭೆಗೆ ಹೋಗಿ ಬಂದಿದ್ದರು. ಮುಂದಿನ ಮಾವಿನ ಕಾಲಕ್ಕೆ ಹೊರದೇಶದ ಕಿವುಡರು ಬರುವುದಿತ್ತು. ಅದಕ್ಕೆಂದು, ನಾನಾ ದೇಶದವರು ಸೇರಿದಾಗ ಆಡುವ ಸನ್ನೆಗಳನ್ನು ಅವರು ಕಲಿಸುತ್ತಿದ್ದರು. ಹೊಸಬನನ್ನು ಕಂಡು ಹತ್ತಿರ ಬಂದು ಕೈ ಚಾಚಿದರು. ಅಶ್ವತ್ಥಪ್ಪ ಆ ಕೈ ಹಿಡಿದು, ಹೆಗಲ ಟವಲು ತೆಗೆದು ಮೇಲೆ ಹೊದಿಸಿ, ಕೆಳಗೆ ಬೆರಳು ಒತ್ತತೊಡಗಿದ. ಹಜಾರಕ್ಕೆ ಹಜಾರವೇ ಬಿದ್ದು ಬಿದ್ದು ನಕ್ಕಿತು.

ಅವನ ಮುಖ ಸಣ್ಣಗಾಯಿತು. ರಾಮಚಂದ್ರಪ್ಪನವರು ಮಾತ್ರ ನಗದೆ ಟವಲನ್ನು ಮಡಿಸಿ ಅವನ ಹೆಗಲಿಗೇ ಹಾಕಿದರು. ಆಮೇಲೆ ನಿಧಾನವಾಗಿ, ಅವನಿಗೆ ತಿಳಿಯುವಷ್ಟು ದೊಡ್ಡದಾಗಿ, ಕೈಯಲ್ಲೇ ಹೇಳಿದರು: ಮುಚ್ಚಬೇಡ, ಇಲ್ಲಿ ಎಲ್ಲರೂ ನೋಡಬೇಕು.

ಅವನು ಒಂದು ಭಾನುವಾರವನ್ನೂ ಬಿಡದೆ ಹೋದ. ಅಲ್ಲಿ ಕಲಿಸುತ್ತಿದ್ದ ಸನ್ನೆಮಾತಿಗೆ ಸ್ವಂತ ದೇಶವಿಲ್ಲ. ಒಪ್ಪಿಕೊಂಡ ಕೆಲವು ಸನ್ನೆಗಳಿವೆ. ಮಿಕ್ಕಿದ್ದನ್ನು ಎದುರಿಗಿರುವವರ ಮುಖ ನೋಡಿಕೊಂಡು ಕಟ್ಟಬೇಕು, ತಿಳಿಯಲಿಲ್ಲವೆಂದರೆ ಕೆಡವಿ ಇನ್ನೊಂದು ಬಗೆಯಲ್ಲಿ ಕಟ್ಟಬೇಕು. ಮುಖ ಓದುವುದು ಮಂಡಿಯವನಿಗೆ ಹೊಸದಲ್ಲ. ಕೈ ಎತ್ತುವುದೇ ಕಷ್ಟ. ಅವನ ಕೈಗಳು ಹೊಟ್ಟೆಯ ಹತ್ತಿರವೇ ಸುಳಿದಾಡುತ್ತಿದ್ದವು. ರಾಮಚಂದ್ರಪ್ಪನವರು ಮೊಣಕೈ ಹಿಡಿದು ಮೇಲೆತ್ತಿದರೆ, ಬಿಟ್ಟ ಕೂಡಲೇ ಮತ್ತೆ ಕೆಳಗೆ. ಆದರೂ ಅತಿಥಿಗಳ ಮುಂದೆ ಮಾವಿನ ತೋಪಿನ ಕತೆ ಇವನೇ ಹೇಳಬೇಕೆಂದು ಅವರು ಹಟ ಹಿಡಿದರು.

ಸುದ್ದಿ ಮಂಡಿಗೆ ಮುಟ್ಟಿತು.

“ಏನ್ ದೊಡ್ಡಮುನಿಯಮ್ಮಾ, ನಿನ್ ಮಗ ಬೆಂಗ್ಳೂರಾಗೆ ಕೋತಿ ಆಟ ಕಲೀತಾವ್ನಂತೆ? ದೊರೆಗಳ ಮುಂದೆ ಕುಣೀತಾನಂತೆ?” ಎಂದ ಕೋದಂಡರಾಮಪ್ಪ.

“ಅಯ್ಯೋ, ಅವನ್ಗೇನ್ ಗೊತ್ತಾಗ್ತೈತೆ ಸೌಕಾರ್ರೇ,” ಎಂದು ಅವಳು ತಲೆ ತಗ್ಗಿಸಿಕೊಂಡು ಹಣ್ಣು ಆರಿಸಿದಳು. ಆದರೆ ಅತಿಥಿಗಳು ಬರುವ ದಿನದ ಹಿಂದಿನ ರಾತ್ರಿ ಮಗನ ಟವಲನ್ನು ರಾಗಿಯ ಗುಡಾಣದಲ್ಲಿ ಬಚ್ಚಿಟ್ಟವಳೂ ಅವಳೇ. ಟವಲಿಲ್ಲದೆ ಅವನು ಹೊಸಲು ದಾಟಿದವನಲ್ಲ. ಬೆಳಗ್ಗೆ ಮನೆಯೆಲ್ಲ ಹುಡುಕಿದ, ತಾಯಿಯ ಮುಖ ನೋಡಿದ, ಎಲ್ಲ ತಿಳಿಯಿತು. ಸಿಟ್ಟು ಬಂತು. ಬರಿ ಹೆಗಲಲ್ಲೇ ಬಸ್ಸು ಹತ್ತಿದ.

ಬೆಂಗಳೂರಿನಲ್ಲಿ ಅವನ ಸರದಿ ಬಂದಾಗ ಕೈ ತಾನಾಗಿ ಹೆಗಲು ತಡವಿತು. ಅಲ್ಲೇನೂ ಇರಲಿಲ್ಲ. ಅಡಗಿಸಲು ಜಾಗವಿಲ್ಲದೆ ಕೈಗಳು ಮೇಲೆದ್ದವು. ಮರ ಹೂ ಬಿಟ್ಟಿತು, ಇಬ್ಬನಿಗೆ ಹೂ ಕರಕಲಾಯಿತು, ಉಳಿದಿದ್ದು ಕಾಯಾಯಿತು, ಗಾಡಿಯೇರಿ ಮಂಡಿಗೆ ಬಂತು. ಟವಲಿನ ವ್ಯಾಪಾರವನ್ನೂ ತೋರಿಸಿದ, ಟವಲಿಲ್ಲದೆಯೇ. ಮೊದಲ ಸಾಲಿನಲ್ಲಿದ್ದ ಬಿಳಿಗೂದಲ ಹೆಂಗಸೊಬ್ಬಳು ನಡುನಡುವೆ ತಲೆಯಾಡಿಸುತ್ತಿದ್ದಳು. ಮುಗಿದ ಮೇಲೆ ಎದ್ದು ಬಂದು ಕೇಳಿದಳು: ನಿನಗೆ ಮೊದಲು ಕಲಿಸಿದವರು ಯಾರು? ಅವನು ರಾಮಚಂದ್ರಪ್ಪನವರತ್ತ ನೋಡಿದ. ಆಮೇಲೆ ‘ತಾಯಿ’ ಎಂದ.

ಸಂಜೆ ಶ್ರೀನಿವಾಸಪುರದ ಮಂಡಿಯ ಮುಂದೆ ಮಾವಿನ ಗಾಡಿಗಳು ಸಿಕ್ಕಿಕೊಂಡು ಬಸ್ಸು ನಿಂತಿತು. ರಸ್ತೆಯ ಆಚೆ ಮಂಡಿಯ ಜಗಲಿಯ ಮೇಲೆ ದೊಡ್ಡಮುನಿಯಮ್ಮ ನಿಂತಿದ್ದಳು. ಬೆಳಗ್ಗೆಯಿಂದ ಬಂದ ಪ್ರತಿ ಬಸ್ಸಿಗೂ ಎದ್ದು ನಿಂತವಳು. ಕಿಟಕಿಯಲ್ಲಿ ಮಗನನ್ನು ಕಂಡು “ಅಶ್ವತ್ಥಾ!” ಎಂದು ಕೂಗಿಬಿಟ್ಟಳು. ಕೂಲಿಯವರು, ಗಾಡಿಯವರು, ಸಾಹುಕಾರ ಎಲ್ಲರೂ ತಿರುಗಿ ನೋಡಿದರು. ಅಶ್ವತ್ಥಪ್ಪನಿಗೆ ಅವಳ ಬಾಯಿ ತೆರೆದದ್ದು ಮಾತ್ರ ಕಂಡಿತು.

ಅವಳ ಕೈ ಸೆರಗಿನೊಳಗೆ ಹೋಯಿತು. ಒಂದು ಗಳಿಗೆ ಅಲ್ಲೇ ಇತ್ತು. ಆಮೇಲೆ ಎರಡೂ ಕೈ ಹೊರಗೆ ಬಂದವು. ಎಡಗೈಯನ್ನು ತಲೆಗಿಂತ ಮೇಲೆತ್ತಿ ಅಂಗೈ ಬಿಚ್ಚಿ, ಅದರ ನಡುವೆ ಬಲಗೈ ಹೆಬ್ಬೆರಳನ್ನು ಬಸ್ಸಿನವರೆಗೂ ಕಾಣುವಂತೆ ಒತ್ತಿದಳು, ಮತ್ತೆ ಒತ್ತಿದಳು.

“ಏನಮ್ಮಾ ಅದು, ನಿಂಗೂ ಆ ಕೋತಿ ಆಟ ಹಿಡೀತಾ?” ಎಂದು ಕೋದಂಡರಾಮಪ್ಪ ನಕ್ಕ.

“ನನ್ ಮಗನ್ ಹತ್ರ ಮಾತಾಡ್ತಿದೀನಿ,” ಎಂದಳು ಅವಳು, ಕೈ ಇಳಿಸದೆ. “ನಿಮ್ಗೇನಾಗ್ಬೇಕು?”

ಅಶ್ವತ್ಥಪ್ಪ ಕಿಟಕಿಯಿಂದ ಎರಡೂ ಕೈ ಹೊರಗೆ ಚಾಚಿದ. ಇಲ್ಲ, ಇನ್ನೂ ಉಂಡಿಲ್ಲ ಎಂದ. ನೀನು? ಎಂದು ಕೇಳಿದ.