ಹಿಂಬದಿ ನೋಡುತ್ತಿದ್ದ ಕಾಕ

ಅವರ ಬಲಗೈ ಹೆಬ್ಬೆರಳಿನ ಉಗುರೊಂದು ಮಾತ್ರ ಉದ್ದವಾಗಿತ್ತು. ಅಂಟು ತಾಗಿ ತಾಗಿ ಹಳೆಯ ಕೇರಂ ಕಾಯಿಯ ಬಣ್ಣಕ್ಕೆ ತಿರುಗಿತ್ತು. ಗಲ್ಫಿನ ಫಹಾಹೀಲ್ ಮಾರುಕಟ್ಟೆಯ ಒಳಸಾಲಿನಲ್ಲಿ ಅವರದು ಫ್ರೇಮ್ ಹಾಕುವ ಅಂಗಡಿ. ಮಂಗಳೂರು ಕಡೆಯ ಬ್ಯಾರಿ ಮುಸ್ಲಿಮರು. ಹಿರಿಯರನ್ನು ಅವರಲ್ಲಿ ಕರೆಯುವಂತೆ ಕೊಂಕಣಿ ಕ್ರೈಸ್ತರಾದ ನಾವೂ ಕಾಕ ಎಂದೇ ಕರೆಯುತ್ತಿದ್ದೆವು.

ಮದುವೆ ಫೋಟೊ ಕೊಡಲಿ, ಯೇಸುವಿನ ಪಟ ಕೊಡಲಿ, ಕಾಕ ಮೊದಲು ಮಗುಚಿ ಹಿಂಬದಿ ನೋಡುತ್ತಿದ್ದರು. "ಮುಂದೆ ಎಲ್ಲ ಚಂದವೇ ಇರ್ತದೆ ಮಾರಾಯ್ತಿ. ಹಿಂದೆ ಎಂತ ಉಂಟು ಅಂತ ನೋಡ್ಬೇಕು." ಮುದುಕರ ಚಾಳಿ ಎಂದುಕೊಂಡಿದ್ದೆ.

ತೊಂಬತ್ತರ ದಶಕದ ಕೊನೆ. ಕಂಪನಿಯೊಂದರಲ್ಲಿ ಸೆಕ್ರೆಟರಿಯಾಗಿ ಸೇರಿ ಎರಡೇ ತಿಂಗಳಾಗಿತ್ತು. ಜಪಾನೀ ಮ್ಯಾನೇಜರ್ ತಮ್ಮ ಅಜ್ಜನ ಕಾಲದ ಚಿತ್ರವೊಂದನ್ನು ಕೊಟ್ಟು ಫ್ರೇಮ್ ಹಾಕಿಸಲು ಹೇಳಿದರು. ಮರದ ಹಲಗೆಯಲ್ಲಿ ಕೆತ್ತಿ ಕಾಗದಕ್ಕೆ ಒತ್ತಿದ್ದು. ಕಬುಕಿ ಎಂಬ ಅವರ ನಾಟಕದ ನಟ: ಸುಣ್ಣದಂಥ ಮುಖ, ಮೂಗಿನತ್ತ ಸೇರಿದ ಕಣ್ಣು, ಹರಡಿದ ಬೆರಳು. ನಾನು ಮಹಾ ಜಾಣೆ, ರೆಡಿಮೇಡ್ ಫ್ರೇಮ್ ತಂದೆ. ಚಿತ್ರ ಬೆರಳಗಲ ದೊಡ್ಡದಾಯಿತು. ಖಾಲಿ ಅಂಚು ತಾನೇ ಎಂದು ಕತ್ತರಿ ಹಾಕಿಬಿಟ್ಟೆ. ಆಮೇಲೆ ನೋಡಿದರೆ ಅಂಚಿನ ಸಣ್ಣ ಕೆಂಪು ಮುದ್ರೆ ಎರಡು ಹೋಳಾಗಿತ್ತು.

ನನ್ನ ಇಕಾಮಾ, ಅಂದರೆ ಅಲ್ಲಿ ಉಳಿಯುವ ಪರವಾನಗಿ, ಇನ್ನೂ ಆಗಿರಲಿಲ್ಲ. ಕೆಲಸ ಹೋದರೆ ಸೀದಾ ಊರಿಗೆ. ಕಾಕನ ಹತ್ತಿರ ಓಡಿದೆ, ಕತ್ತರಿಯ ವಿಷಯ ಮಾತ್ರ ಬಾಯಿಬಿಡಲಿಲ್ಲ. ಅವರು ಚಿತ್ರ ಮಗುಚಿದರು. ಹಿಂದೆಲ್ಲ ಸುತ್ತುಸುತ್ತಾಗಿ ತಿಕ್ಕಿದ ಗುರುತು. "ನೋಡು, ಹಲಗೆ ಮೇಲೆ ಕಾಗದ ಇಟ್ಟು ಹಿಂದಿನಿಂದ ಉಜ್ಜಿದ್ದು. ಪಾಪ, ಎಷ್ಟು ಉಜ್ಜಿದ್ದಾನೆ!" ಉಗುರು ಅಂಚಿನ ಮೇಲೆ ಸರಿದು ಒಂದು ಬದಿಯಲ್ಲಿ ನಿಂತಿತು. "ಇದು ಮೊನ್ನೆ ಕತ್ತರಿಸಿದ್ದಲ್ವಾ? ತುಂಡು ಎಲ್ಲಿ?"

ಅಳುತ್ತಲೇ ಹೇಳಿದೆ: ಕಾಗದ ಮೆತ್ತಗಿತ್ತೆಂದು ಪ್ರಾರ್ಥನೆ ಪುಸ್ತಕದಲ್ಲಿ ಗುರುತಿಗೆ ಇಟ್ಟಿದ್ದೆ.

"ಬಚಾವ್! ಯಲ್ಲಾ, ತಕೊಂಡು ಬಾ."

ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಬಂದು, ತೆಳು ಅಂಟು ಕಾಸಿ, ಹಿಂದಿನಿಂದ ಚಿಗುರೆಲೆಯಷ್ಟು ತೆಳ್ಳಗಿನ ಕಾಗದ ಹಚ್ಚಿ ಜೋಡಿಸಿದರು. ಮುಂದಿನಿಂದ ಏನೂ ಕಾಣದು. ನನಗೆ ಹೋದ ಜೀವ ಬಂತು. ಆದರೆ ಕಾಕ ಹಿಂಬದಿಗೂ ಗಾಜನ್ನೇ ಹಾಕುತ್ತಿದ್ದರು.

"ಹಲಗೆ ಹಾಕಿ ಕಾಕ, ಅವರಿಗೆ ಗೊತ್ತಾಗ್ತದೆ!"

"ಸರಿ ಮಾಡ್ಲಿಕ್ಕೆ ನಂಗೆ ಬರ್ತದೆ. ಅಡಗಿಸ್ಲಿಕ್ಕೆ ಬರುದಿಲ್ಲ. ನೀನೇ ಹೇಳು, ನಾನು ಒಟ್ಟಿಗೆ ಬರ್ತೇನೆ."

ಇಸ್ತ್ರಿ ಹಾಕಿದ ಅಂಗಿ ತೊಟ್ಟು ಆಫೀಸಿಗೆ ಬಂದೂಬಿಟ್ಟರು. ನಾನು ತೊದಲುತ್ತ ಹೇಳಿ ಮುಗಿಸಿದೆ. ಮ್ಯಾನೇಜರ್ ಚಿತ್ರ ತಿರುಗಿಸಿ ಬಹಳ ಹೊತ್ತು ಹಿಂಬದಿ ನೋಡಿದರು. ಕೊನೆಗೆ ಕಾಕನಿಗೆ ಸೊಂಟ ಬಗ್ಗಿಸಿ ನಮಿಸಿದರು. ಕಾಕ ಕಕ್ಕಾಬಿಕ್ಕಿಯಾಗಿ, "ಖಲಾಸ್, ಖಲಾಸ್, ಸಾಕು" ಎಂದರು. ನನಗೆ ಸಿಕ್ಕಿದ್ದು ಒಂದೇ ಮಾತು: "ಇನ್ನು ಕತ್ತರಿ ಮುಟ್ಟಬೇಡಿ." ಮುಂದಿನ ವಾರ ಇನ್ನೂ ನಾಲ್ಕು ಕಾಗದದ ನಟರು ಕಾಕನ ಅಂಗಡಿಗೆ ಹೋದರು.

ನಾನು ಅಲ್ಲಿ ಹದಿನಾರು ವರ್ಷ ದುಡಿದೆ. ಮ್ಯಾನೇಜರ್ ನಿವೃತ್ತರಾಗುವಾಗ ಆ ಚಿತ್ರ ನನಗೇ ಕೊಟ್ಟರು. ಕಾಕ ಅಂಗಡಿ ಬಿಟ್ಟು ಊರಿಗೆ ಹೋದ ಮರುವರ್ಷ ತೀರಿಕೊಂಡರು. ಸುದ್ದಿ ಬಂದ ದಿನ ಅಬು ಹಲೀಫಾದ ನಮ್ಮ ಫ್ಲ್ಯಾಟಿನಲ್ಲಿ ಚಿತ್ರವನ್ನು ಹಿಂಬದಿ ಕಾಣುವಂತೆ ತಿರುಗಿಸಿ ತೂಗುಹಾಕಿದೆ.

ಮಗಳು ಶಾಲೆಯಿಂದ ಬಂದವಳೇ, "ಮಮ್ಮಿ, ಇಟ್ಸ್ ದ ರಾಂಗ್ ಸೈಡ್" ಎಂದಳು.

ತೇಪೆ ತೋರಿಸಿ ಕಥೆ ಹೇಳಿದೆ. ಅವರ ಹೆಸರೇನು ಎಂದು ಕೇಳಿದಳು. ಕಾಕ ಎಂದಷ್ಟೇ ಗೊತ್ತು. ನಾಚಿಕೆಯಾಯಿತು. "ಈ ಮನೆ, ನಿನ್ನ ಶಾಲೆ, ಎಲ್ಲ ಈ ಅಂಟಿನ ಮೇಲೆಯೇ ನಿಂತದ್ದು" ಎಂದೆ.

ಮರುದಿನ ಧೂಳು ಒರೆಸುವಾಗ ನಾನು ಮುಂಬದಿಗೆ ತಿರುಗಿಸಹೊರಟರೆ ಅವಳು ಕೈ ಹಿಡಿದಳು. "ನೋ, ಮಮ್ಮಿ. ಹೀಗೇ ಇರ್ಲಿ."