ಕೂತೇ ನಿದ್ದೆ ಮಾಡುತ್ತಿದ್ದ ಪುಟ್ಟಮ್ಮ

ಆಪರೇಷನ್ ಟೇಬಲ್ ಮೇಲೆ ಮಲಗಿಸಿದ್ದ ಪುಟ್ಟಮ್ಮ ಮೂರನೇ ಸಲ ಎದ್ದು ಕೂತರು. ಡಾಕ್ಟರು ಆಗಲೇ ಈಥರ್ ಮುಖವಾಡ ಕೈಗೆತ್ತಿಕೊಂಡಿದ್ದರು. ಎಪ್ಪತ್ತರ ದಶಕ, ಮಳವಳ್ಳಿ ಕಡೆಯ ಸಣ್ಣ ಆಸ್ಪತ್ರೆ. ಅರಿವಳಿಕೆಗೆಂದು ಬೇರೆ ಡಾಕ್ಟರು ನಮ್ಮಲ್ಲಿರಲಿಲ್ಲ.

ಹೊಕ್ಕುಳ ಹರ್ನಿಯಾಕ್ಕೆಂದು ಹಲಗೂರಿನಿಂದ ಬಂದಿದ್ದ ಆಕೆಯದು ಭಾರಿ ಮೈ. ಹೆದರಿ ಹಟ ಮಾಡುತ್ತಿದ್ದಾರೆ ಅಂದುಕೊಂಡು, ನರ್ಸಾಗಿದ್ದ ನಾನು ಭುಜ ಹಿಡಿದು ಕೆಳಕ್ಕೊತ್ತಿ, “ಸುಮ್ನೆ ಮಲಕ್ಕೊಳಿ” ಎಂದು ಗದರಿದೆ.

ಆಕೆ ನನ್ನ ಕೈ ತಳ್ಳಿದರು. “ಎದ್ರಿಕೆ ಅಲ್ಲ ಕಣವ್ವ. ಅಂಗಾತ ಮನಗುದ್ರೆ ಉಸ್ರು ಕಟ್ಕತದೆ. ಆರು ವರ್ಸದಿಂದ ಬತ್ತದ ಮೂಟೆಗೆ ಒರಗಿ ಕೂತ್ಕಂಡೇ ನಿದ್ದೆ ಮಾಡ್ತಾ ಇವ್ನಿ. ಏನ್ ಉಂಡೆ ಅಂತ ಎಲ್ರೂ ಕೇಳುದ್ರಿ, ಎಂಗೆ ಮನಗ್ತೀಯ ಅಂತ ಒಬ್ರೂ ಕೇಳ್ನಿಲ್ಲ.”

ಡಾಕ್ಟರು ಮುಖವಾಡ ಕೆಳಗಿಟ್ಟರು. ಮಲಗಿದರೇ ಉಸಿರು ಕಟ್ಟುವವರಿಗೆ ಪ್ರಜ್ಞೆಯನ್ನೂ ತಪ್ಪಿಸಿ ಉಸಿರೇ ನಿಂತುಹೋಗಿದ್ದರೆ, ಅದನ್ನು ಮರಳಿ ತರುವ ಯಂತ್ರ ನಮ್ಮಲ್ಲಿರಲಿಲ್ಲ. ಕಂಬಳಿಗಳನ್ನು ಸುತ್ತಿ ಬೆನ್ನಿಗೆ ಕೊಟ್ಟೆವು. ಆಪರೇಷನ್ ಮಾಡುವ ಜಾಗವಷ್ಟೇ ಮರಗಟ್ಟುವಂತೆ ಇಂಜೆಕ್ಷನ್ ಕೊಟ್ಟು ಡಾಕ್ಟರು ಕೆಲಸ ಮುಗಿಸಿದರು. ಅಷ್ಟೂ ಹೊತ್ತು ಪುಟ್ಟಮ್ಮ ತಮ್ಮ ಎಮ್ಮೆಯ ವಿಷಯ ಹೇಳುತ್ತಲೇ ಇದ್ದರು!

ಆಮೇಲೆ ನಾನು ಎಲ್ಲಿ ಕೆಲಸ ಮಾಡಿದರೂ, ಆಪರೇಷನ್ನಿಗೆ ಬಂದವರ ನಾಡಿ ಹಿಡಿಯುವ ಮೊದಲೇ “ಮನೇಲಿ ಹೇಗೆ ಮಲಗ್ತೀರಿ?” ಎಂದು ಕೇಳುತ್ತಿದ್ದೆ. ಇದೆಂಥ ಪ್ರಶ್ನೆ ಎಂದು ಎಷ್ಟೋ ಜನ ನಕ್ಕಿದ್ದಾರೆ. ನನಗೆ ನಗು ಬರುತ್ತಿರಲಿಲ್ಲ. ಅಂದು ಪುಟ್ಟಮ್ಮನ ಭುಜವನ್ನು ಕೆಳಕ್ಕೊತ್ತಿದ ಕೈ ನನ್ನದೇ.