ಎರಡು ಊರು, ಒಂದು ‘ಆಯ್ತು’

ನಾನು ಹುಟ್ಟಿದ್ದು ತಿ. ನರಸೀಪುರದಲ್ಲಿ, ಅನ್ನ ಸಂಪಾದಿಸಿದ್ದು ನಂಜನಗೂಡಿನಲ್ಲಿ. ಹಾಗಾಗಿ ಎರಡೂ ಊರಿನವರ ಕೈಲಿ ಅನ್ನಿಸಿಕೊಂಡು ಅಭ್ಯಾಸವಾಗಿದೆ. ನನ್ನ ಹೆಂಡತಿ ನಂಜನಗೂಡಿನ ಪೇಟೆಯವಳು. ಮದುವೆಯಾದ ಹೊಸತರಲ್ಲೇ “ನಿಮ್ಮೂರಿಗೆ ಒಂದ್ ರೈಲೂ ಇಲ್ವಲ್ರೀ” ಎಂದು ಶುರು ಮಾಡಿದವಳು ಇವತ್ತಿಗೂ ನಿಲ್ಲಿಸಿಲ್ಲ. ನಾನೂ ಬಿಡುವವನಲ್ಲ. “ನಿಮ್ಮೂರ್ ಹೊಳೆ ಹರ್ಕೊಂಡ್ ಬಂದು ಕೊನೆಗೆ ಕಾವೇರಿ ಸೇರೋದು ನಮ್ಮೂರಲ್ಲೇ ಕಣೇ” ಎನ್ನುತ್ತೇನೆ. “ಹೊಳೆ ಏನ್ ನೀವ್ ತೋಡಿದ್ದಾ? ನಿಮ್ಮೋರು ಕಟ್ಟಿರೋದ್ ಏನೈತೆ ಅದ್ ಹೇಳಿ” ಎನ್ನುತ್ತಾಳೆ. 

ನಂಜನಗೂಡಿನ ಬಳಿಯ ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಪಂಪು ಕಾರ್ಖಾನೆಯಲ್ಲಿ ನಾನು ಫೋರ್‌ಮನ್. ಪಟ್ಟಣಗಳಿಗೆ ಕುಡಿಯುವ ನೀರು ಎತ್ತುವ ದೊಡ್ಡ ಪಂಪುಗಳು ಇಲ್ಲಿ ತಯಾರಾಗುತ್ತವೆ. ಹೊರಗೆ ಕಳಿಸುವ ಮುನ್ನ ಪ್ರತಿಯೊಂದನ್ನೂ ಓಡಿಸಿ ನೋಡುವ ಜಾಗಕ್ಕೆ ಟೆಸ್ಟ್ ಬೆಡ್ ಎನ್ನುತ್ತಾರೆ. ಅದು ನನ್ನ ಉಸ್ತುವಾರಿ. ಇಪ್ಪತ್ತಾರು ವರ್ಷದಲ್ಲಿ ನನ್ನ ಬೆಡ್ ಮೇಲೆ ಒಂದು ಪಂಪೂ ಕೆಟ್ಟಿರಲಿಲ್ಲ. ಅದನ್ನು ಹೇಳಿಕೊಳ್ಳದ ದಿನವೂ ಇರಲಿಲ್ಲ ಎನ್ನಿ. “ಅಣ್ಣ, ಅದೊಂದ್ ಕತೆ ಬುಟ್ಟು ಬೇರೆ ಏನಾರ ಹೇಳಿ” ಎಂದು ಹೆಡತಲೆಯಿಂದ ಬರುವ ಫಿಟ್ಟರ್ ರೇಗಿಸುತ್ತಿದ್ದ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು, ಅದನ್ನೂ ಹಾಗೇ ದಾಟಿಸಿಬಿಡಬೇಕು ಎಂಬ ಆಸೆ ನನಗೆ.

ಅಂಥ ಸಮಯದಲ್ಲಿ ಆಫ್ರಿಕಾದಿಂದ ಇಬ್ಬರು ಎಂಜಿನಿಯರುಗಳು ಮೂರು ತಿಂಗಳ ತರಬೇತಿಗೆ ಬಂದರು. ಒಬ್ಬ ಕೀನ್ಯಾದ ನೈರೋಬಿಯವನು. ಇನ್ನೊಬ್ಬ ಪಕ್ಕದ ಟಾಂಜಾನಿಯಾದ ದಾರ್ ಎಸ್ ಸಲಾಮಿನವನು. ನಮ್ಮ ಕಡೆ ಮನುಷ್ಯನನ್ನು ಊರಿನ ಹೆಸರು ಹಿಡಿದು ಕರೆಯುವುದು ರೂಢಿಯಲ್ಲವೇ? ಎರಡನೇ ದಿನಕ್ಕೇ ಒಬ್ಬ ‘ನೈರೋಬಿ’ ಆದ, ಇನ್ನೊಬ್ಬ ‘ದಾರ್’ ಆದ. ಅವರೂ ನನ್ನನ್ನು ಎಲ್ಲರಂತೆ ‘ಅಣ್ಣ’ ಎಂದೇ ಕರೆದರು.

ನಮ್ಮ ಕಾರ್ಖಾನೆಯೇ ಅಲ್ಲಿ ಕೆಲಸಕ್ಕೆ ಇಟ್ಟುಕೊಂಡಿದ್ದ ಅವರನ್ನು ಕರೆಸಿದ್ದರ ಹಿಂದೆ ಒಂದು ಲೆಕ್ಕಾಚಾರ ಇತ್ತು. ನಮ್ಮ ಪಂಪುಗಳು ಆ ಎರಡು ದೇಶಕ್ಕೂ ಹೋಗುತ್ತಿದ್ದವು. ರಿಪೇರಿಗೆ ಅಲ್ಲೇ ಒಂದು ಸರ್ವೀಸ್ ಡಿಪೋ ಮಾಡಬೇಕು, ಆದರೆ ಒಂದೇ. ಕೊನೆಯ ಪರೀಕ್ಷೆಯಲ್ಲಿ ಯಾರು ಮೇಲೋ ಅವನ ಊರಿಗೆ ಡಿಪೋ, ಅವನೇ ಅದರ ಮುಖ್ಯಸ್ಥ. ಸೋತವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗೆದ್ದವನ ಊರಿಗೆ ಹೋಗಿ ಅವನ ಕೈಕೆಳಗೆ ಕೆಲಸ ಮಾಡಬೇಕು, ಇಲ್ಲವೇ ಕೆಲಸ ಬಿಡಬೇಕು. ದಾರ್‌ನ ಹೆಂಡತಿ ಅಲ್ಲಿ ಸರ್ಕಾರಿ ಶಾಲೆಯ ಟೀಚರ್. ನೈರೋಬಿಗೆ ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಇಬ್ಬರಿಗೂ ಊರು ಬಿಡುವುದು ಸಾಧ್ಯವೇ ಇರಲಿಲ್ಲ. ಪರೀಕ್ಷೆ ಮಾಡುವವನು, ವರದಿ ಬರೆಯುವವನು ನಾನು.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಅವರಿಬ್ಬರ ಜಗಳ ಶುರುವಾಗುತ್ತಿತ್ತು. ಮುದ್ದೆ ನೋಡಿದ ಮೊದಲ ದಿನ ಇಬ್ಬರೂ ಒಟ್ಟಿಗೇ ನಕ್ಕು, ನಮ್ಮಲ್ಲೂ ಹೀಗೇ ಮುಸುಕಿನ ಜೋಳದ ಹಿಟ್ಟು ತಿರುವುತ್ತಾರೆ ಎಂದರು. ಆಮೇಲೆ ಒಮ್ಮತವಾಗಿದ್ದು ಅದೊಂದರಲ್ಲೇ. ನೈರೋಬಿ ಮೊಬೈಲ್ ತೆಗೆದು ತನ್ನೂರಿನ ನಡುಮಧ್ಯೆ ಕಂಬದ ಮೇಲೆ ಹೋಗುವ ಹೆದ್ದಾರಿ ತೋರಿಸುತ್ತಿದ್ದ, ಅದರ ಹಿಂದೆ ಸಾಲುಗಟ್ಟಿದ ಗಾಜಿನ ಕಟ್ಟಡಗಳು. “ಅದಕ್ಕೆ ಟೋಲ್ ಕೊಡಬೇಕಲ್ಲ” ಎಂದು ದಾರ್ ತಣ್ಣಗೆ ಹೇಳುತ್ತಿದ್ದ. “ದುಡ್ಡಿದ್ದವರು ಮೇಲೆ ಹೋಗ್ತಾರೆ, ಮಿಕ್ಕವರು ಕೆಳಗೆ ಜಾಮಿನಲ್ಲಿ ನಿಲ್ತಾರೆ. ನಮ್ಮಲ್ಲಿ ಬಸ್ಸಿಗೇ ಬೇರೆ ದಾರಿ ಮಾಡಿದೀವಿ.” “ಜೋರು ಮಳೆ ಬಂದರೆ ಆ ಬಸ್ಸು ಎಲ್ಲಿ ನಿಲ್ಲುತ್ತೆ ಅಂತಲೂ ಹೇಳು” ಎಂದು ನೈರೋಬಿ ತಿರುಗೇಟು ಕೊಡುತ್ತಿದ್ದ. ಆಗ ದಾರ್ ತನ್ನ ಕೊನೆಯ ಬಾಣ ಬಿಡುತ್ತಿದ್ದ: “ನಮ್ಮ ಹೊಸ ರೈಲು ಕರೆಂಟಿನಲ್ಲಿ ಓಡುತ್ತೆ. ನಿಮ್ಮದು ಇನ್ನೂ ಡೀಸೆಲ್ ಕುಡಿಯುತ್ತೆ.” ಇದೆಲ್ಲ ಇಂಗ್ಲಿಷಿನಲ್ಲಿ, ನಮಗೆ ಅರ್ಥವಾಗಲಿ ಎಂದು. ನಿಜವಾಗಿ ಸಿಟ್ಟು ಬಂದಾಗ ಸ್ವಾಹಿಲಿಗೆ ಇಳಿಯುತ್ತಿದ್ದರು. ಅದು ಇಬ್ಬರಿಗೂ ಬರುವ ಭಾಷೆ. ನಿನ್ನ ಸ್ವಾಹಿಲಿ ಕಲಬೆರಕೆ ಎಂದು ದಾರ್ ಅದನ್ನೂ ಆಡಿಕೊಳ್ಳುತ್ತಿದ್ದ.

ನಮ್ಮವರು ಸುಮ್ಮನಿರುತ್ತಾರೆಯೇ? ಒಂದೇ ವಾರದಲ್ಲಿ ಕ್ಯಾಂಟೀನು ಎರಡು ಪಾರ್ಟಿಯಾಯಿತು. ತಮ್ಮೂರ ಹೆದ್ದಾರಿ, ಕಾರ್ಖಾನೆ ಎಂದು ಬೀಗುವ ನಂಜನಗೂಡು, ತಾಂಡವಪುರದವರೆಲ್ಲ ನೈರೋಬಿ ಕಡೆ. ನರಸೀಪುರದಿಂದ ಬಸ್ಸಿನಲ್ಲಿ ಬರುವವರೆಲ್ಲ ದಾರ್ ಕಡೆ, ಯಾಕೆಂದರೆ ಅವನೂರಿನಲ್ಲಿ ನೀರಿತ್ತು, ಸಮುದ್ರವಿತ್ತು. “ನಮ್ ದಾರ್‌ಗೆ ಸಮುದ್ರದ್ ಮೇಲೇ ಸೇತ್ವೆ ಐತೆ ಕಣ್ಲಾ, ನಿಮ್ ನೈರೋಬಿಗೆ ಏನೈತ್ಲಾ?” ಎಂದು ಭೂಪಟದಲ್ಲಿ ಆ ಊರು ಎಲ್ಲಿದೆ ಎಂದು ತಿಳಿಯದವನೂ ವಾದಿಸುತ್ತಿದ್ದ. ಇಷ್ಟೆಲ್ಲ ಕಿತ್ತಾಡಿ ಅವರಿಬ್ಬರು ಸಂಜೆ ಒಂದೇ ಆಟೋದಲ್ಲಿ ಒಂದೇ ರೂಮಿಗೆ ಹೋಗುತ್ತಿದ್ದರು. “ಗಂಡ ಎಂಡ್ರ ಜಗಳ ಉಂಡು ಮಲಗೋಗಂಟ” ಎಂದು ಹೆಡತಲೆಯವನು ನಗುತ್ತಿದ್ದ. ನನ್ನ ಒಳಮನಸ್ಸು ದಾರ್ ಕಡೆ ಇತ್ತು, ಇಲ್ಲ ಎನ್ನುವುದಿಲ್ಲ. ನಾನೂ ನರಸೀಪುರದವನೇ ತಾನೇ? ಆದರೆ ಹೊರಗೆ ತೋರಿಸಿಕೊಳ್ಳಲಿಲ್ಲ.

ಅವರಿಗೆ ಕನ್ನಡ ಕಲಿಸಿದವನೂ ನಾನೇ. ಮೊದಲ ವಾರ ಟೀ ಕುಡಿಯುತ್ತಾ, ನಿಮ್ಮಲ್ಲಿ ‘ಸರಿ’ ಎನ್ನುವುದಕ್ಕೆ ಏನೆನ್ನುತ್ತೀರಿ ಎಂದು ಕೇಳಿದೆ. “ಸಾವಾ” ಎಂದರು. “ಹಂಗಾದ್ರೆ ಬರ್ಕೊಳ್ಳಿ. ಸಾವಾಗೆ ನಮ್ಮಲ್ಲಿ ‘ಆಯ್ತು’ ಅಂತಾರೆ” ಎಂದೆ. ಇಬ್ಬರೂ ಬರೆದುಕೊಂಡರು. ಆ ಪದ ಅವರಿಗೆ ಬಹಳ ಹಿಡಿಸಿತು. ಸ್ಪ್ಯಾನರ್ ತಾ ಎಂದರೆ ಆಯ್ತು, ಊಟಕ್ಕೆ ನಡಿ ಎಂದರೆ ಆಯ್ತು. ಅವರ ಬಾಯಲ್ಲಿ ಕೇಳಲು ನನಗೂ ಹೆಮ್ಮೆಯೇ.

ಪರೀಕ್ಷೆಯ ದಿನ ಬಂತು. ಪಂಪು ಜೋಡಿಸಿ, ಬೆಡ್ ಮೇಲೆ ಕೂರಿಸಿ, ಓಡಿಸಿ, ಅಳತೆ ಬರೆಯಬೇಕು. ಚೀಟಿ ಎತ್ತಿದಾಗ ಮೊದಲ ಸರದಿ ದಾರ್‌ಗೆ ಬಂತು. ಓಡಿಸುವ ಮೊದಲು ಪಂಪಿನ ಹೊಟ್ಟೆಗೆ ನೀರು ತುಂಬಿಸಲೇಬೇಕು. ಒಣ ಪಂಪು ತಿರುಗಿದರೆ ಕ್ಷಣದಲ್ಲಿ ಶಾಫ್ಟಿನ ಸುತ್ತ ನೀರು ಸೋರದಂತೆ ತಡೆಯುವ ರಬ್ಬರ್ ಸೀಲ್ ಸುಟ್ಟುಹೋಗುತ್ತದೆ. ಮಾಮೂಲಿ ದಿನಗಳಲ್ಲಿ ನಾನೇ ಪಂಪು ಕೂರಿಸುವ ಗುಂಡಿಗೆ ಇಳಿದು ನೀರು ಮುಟ್ಟಿ ನೋಡುತ್ತಿದ್ದೆ. ಅವತ್ತು ಮ್ಯಾನೇಜರ್ ಹಿಂದೆ ನಿಂತಿದ್ದರು, ಪರೀಕ್ಷಕ ಸ್ವಿಚ್ ಪ್ಯಾನೆಲ್ ಬಿಟ್ಟು ಅಲ್ಲಾಡಬಾರದು ಎಂಬ ನಿಯಮವೂ ಇತ್ತು. ಪಂಪು ಇದ್ದದ್ದು ಕೆಳಗಿನ ಗುಂಡಿಯಲ್ಲಿ, ನನಗೆ ಕಾಣುತ್ತಿದ್ದುದು ದಾರ್‌ನ ಹಳದಿ ಹೆಲ್ಮೆಟ್ ಮಾತ್ರ. ಎಲ್ಲರನ್ನೂ ಕೂಗುವ ಹಾಗೆ ಅವನನ್ನೂ ಕೂಗಿದೆ: “ನೀರಾಯ್ತಾ?”

“ಆಯ್ತು!” ಎಂದ.

ಬಟನ್ ಒತ್ತಿದೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು ಬಂತು, ಹಿಂದೆಯೇ ರಬ್ಬರ್ ಸುಟ್ಟ ವಾಸನೆ. ತಕ್ಷಣ ನಿಲ್ಲಿಸಿದೆ, ಆದರೆ ಆಗುವುದು ಆಗಿಹೋಗಿತ್ತು. ಓಡಿಹೋಗಿ ನೋಡಿದರೆ ದಾರ್ ನೀರಿನ ಪೈಪು ಕೈಯಲ್ಲಿ ಹಿಡಿದು ನಿಂತಿದ್ದ. ಪೈಪಿನಿಂದ ನೀರು ಅವನ ಬೂಟಿನ ಮೇಲೆ ಸುರಿಯುತ್ತಿತ್ತು. ನಾನು ಸಿಟ್ಟಿನಲ್ಲಿ “ಕಣ್ ಕಾಣಲ್ವೇನಯ್ಯಾ ನಿಂಗೆ?” ಎಂದು ಎಲ್ಲರ ಮುಂದೆ ಗದರಿದೆ. ಅವನು ತಲೆ ತಗ್ಗಿಸಿದ. ಮಧ್ಯಾಹ್ನ ನೈರೋಬಿ ಬೇರೆ ಪಂಪಿನ ಮೇಲೆ ತನ್ನ ಪರೀಕ್ಷೆ ಮುಗಿಸಿದ. ಅಷ್ಟರಲ್ಲಿ ಮ್ಯಾನೇಜರ್ ಒಂದು ಹೊಸ ಫಾರಂ ಮಾಡಿಸಿದ್ದರು, ನೀರು ತುಂಬಿಸಿದ ಮೇಲೆ ಅದಕ್ಕೆ ಸಹಿ ಹಾಕಿಯೇ ಮುಂದಿನ ಹೆಜ್ಜೆ. ಮಾತಿನ ಕೆಲಸವೇ ಬೀಳಲಿಲ್ಲ.

ಸಂಜೆ ಮನೆಯಲ್ಲಿ ಕಾಫಿ ಕುಡಿಯುತ್ತಾ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ನೀರು ತುಂಬಿಸದೆಯೇ ಆಯ್ತು ಎಂದು ಸುಳ್ಳು ಹೇಳಿದ ಎಂದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ಕತ್ತೆತ್ತಿ ನೋಡಿದಳು.

“ಹೋದ್ ವಾರದಿಂದ್ಲೂ ಗ್ಯಾಸ್ ಬುಕ್ ಮಾಡ್ರೀ ಅಂತಿದೀನಿ. ನೀವೂ ದಿನಾ ‘ಆಯ್ತು’ ಅಂತೀರಿ. ಸಿಲಿಂಡರ್ ಬಂದೈತಾ?”

 ನಾನು ಅವನಿಗೆ ಕಲಿಸಿದ್ದು ಒಂದು ‘ಆಯ್ತು’, ಕೂಗಿ ಕೇಳಿದ್ದು ಇನ್ನೊಂದು. ಮಾಡುತ್ತೇನೆ ಎಂಬುದಕ್ಕೂ ಆಯ್ತು, ಮಾಡಿ ಮುಗಿಸಿದೆ ಎಂಬುದಕ್ಕೂ ಆಯ್ತು. ನಮಗೆ ಅದು ದನಿಯಲ್ಲೇ ತಿಳಿಯುತ್ತದೆ. ಅವನಿಗೆ ಹೇಗೆ ತಿಳಿಯಬೇಕು? ನೀರು ಬಿಡು ಎಂದು ನಾನು ಹೇಳಿದೆ ಎಂದುಕೊಂಡು, ಸರಿ ಎಂದು ಪೈಪು ಎತ್ತಿಕೊಂಡಿದ್ದಾನೆ, ಅಷ್ಟರಲ್ಲಿ ನಾನು ಬಟನ್ ಒತ್ತಿದ್ದೇನೆ.

ತಪ್ಪು ನನ್ನದೇ ಎಂದು ಆ ಗಳಿಗೆಯಲ್ಲೇ ಗೊತ್ತಾಯಿತು. ಮಾರನೆಯ ದಿನ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಈಗ ಬಾಯಿಬಿಟ್ಟರೆ ‘ಅಣ್ಣ ದಾರ್ ಪಾರ್ಟಿ’ ಎನ್ನುತ್ತಾರೆ ಎಂದು ನನಗೆ ನಾನೇ ಒಂದು ನೆಪ ಹೇಳಿಕೊಂಡೆ. ನಿಜ ಏನೆಂದರೆ, ಇಪ್ಪತ್ತಾರು ವರ್ಷದ ಹೆಸರನ್ನು ಒಂದು ಪದಕ್ಕೆ ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ವರದಿಯಲ್ಲಿ ‘ಅಭ್ಯರ್ಥಿಯ ಅಜಾಗರೂಕತೆ’ ಎಂದು ಬರೆದೆ. ಮರುದಿನ ಕೊಡೋಣ ಎಂದು ಮೇಜಿನ ಡ್ರಾಯರ್‌ನಲ್ಲಿಟ್ಟೆ. ಆಮೇಲೆ ದಿನವಿಡೀ ದಾರ್ ಎದುರು ಬಂದರೆ ನಾನೇ ಬೇರೆ ಕಡೆ ತಿರುಗುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಏನೂ ಕೇಳದಿದ್ದರೂ “ನಾನ್ ಕೂಗಿ ಕೇಳಿದ್ನಲ್ಲಯ್ಯಾ” ಎಂದು ಹೆಡತಲೆಯವನ ಹತ್ತಿರ ಎರಡು ಸಲ ಹೇಳಿದೆ.

ಮೂರನೆಯ ದಿನ ಬೆಳಗ್ಗೆ ನೈರೋಬಿ ಒಬ್ಬನೇ ನನ್ನ ಕ್ಯಾಬಿನ್ನಿಗೆ ಬಂದ. ಕೂರು ಎಂದರೂ ಕೂರಲಿಲ್ಲ. ತನ್ನ ನೋಟ್‌ಬುಕ್ ತೆಗೆದು, ‘ಸಾವಾ’ ಎದುರಿಗೆ ‘ಆಯ್ತು’ ಎಂದು ಬರೆದಿದ್ದ ಜಾಗದಲ್ಲಿ ಬೆರಳಿಟ್ಟ. ರೂಮಿನಲ್ಲಿ ಅವರಿಬ್ಬರೂ ಮಾತಾಡಿಕೊಂಡಿದ್ದರಂತೆ. ಪದ ಕಲಿಸಿದ ಮೇಷ್ಟರ ಮೇಲೆ ದೂರು ಹೇಳುವುದಿಲ್ಲ ಎಂದು ದಾರ್ ಕೂತಿದ್ದನಂತೆ.

“ಮೊದಲ ಸರದಿ ನನ್ನದಾಗಿದ್ದರೆ ಆ ಪಂಪು ನಾನು ಸುಡುತ್ತಿದ್ದೆ, ಅಣ್ಣ” ಎಂದ.

“ಸುಮ್ನಿದ್ರೆ ಡಿಪೋ ನಿಮ್ಮೂರಿಗೆ ಬತ್ತದಲ್ಲಯ್ಯಾ” ಎಂದೆ. ಯಾಕೆ ಹಾಗೆ ಅಂದೆನೋ ದೇವರಿಗೇ ಗೊತ್ತು. ನಾಚಿಕೆಯಾಗಬೇಕಿತ್ತು ನನಗೆ.

“ಅವನ ಊರು ಸೋಲಬೇಕು. ನನಗೂ ಅದೇ ಆಸೆ” ಎಂದ. “ಆದರೆ ನನ್ನ ಊರಿನ ಎದುರು ಸೋಲಬೇಕು. ನಿಮ್ಮ ಒಂದು ಮಾತಿಗಲ್ಲ.”

ಅವನು ಹೋದ ಮೇಲೆ ವರದಿ ಹರಿದು ಹೊಸದು ಬರೆದೆ. ತಪ್ಪು ಯಾರದು ಎಂಬ ಕಡೆ ನನ್ನ ಹುದ್ದೆ ಬರೆದು ಸಹಿ ಹಾಕಿದೆ. ಮ್ಯಾನೇಜರ್ ಓದಿ ಕನ್ನಡಕ ತೆಗೆದಿಟ್ಟರು. “ನೀವಾಗಿ ನೀವೇ ಬಂದು ಹೇಳಿದ್ರಲ್ಲ, ಎಷ್ಟು ಜನಕ್ಕೆ ಬರುತ್ತೆ ಈ ಗುಣ?” ಎಂದರು. ನೈರೋಬಿ ಬಂದು ಹೇಳಿದ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂತು. ಅಲ್ಲೇ ಉಳಿಯಿತು.

ದಾರ್‌ಗೆ ಮತ್ತೆ ಪರೀಕ್ಷೆಯಾಯಿತು. ಈ ಸಲ ಮ್ಯಾನೇಜರನ್ನು ಕೇಳಿಕೊಂಡು ನಾನೇ ಇಳಿದು ಹೋಗಿ ನೀರು ಮುಟ್ಟಿ ನೋಡಿದೆ. ಅವನ ಕೆಲಸ ಚೊಕ್ಕವಾಗಿತ್ತು. ಅಳತೆಗಳೆಲ್ಲ ನೈರೋಬಿಯದಕ್ಕಿಂತ ಒಂದು ಕೂದಲೆಳೆ ಮೇಲಿದ್ದವು. ನಾನು ಯಾರ ಕಡೆಗೂ ವಾಲಲಿಲ್ಲ. ಮೀಟರ್ ತೋರಿಸಿದ್ದನ್ನೇ ಬರೆದೆ. ಡಿಪೋ ದಾರ್ ಎಸ್ ಸಲಾಮಿಗೆ ಹೋಯಿತು. ನರಸೀಪುರದವರು ಕ್ಯಾಂಟೀನಿನಲ್ಲಿ ಎಲ್ಲರಿಗೂ ಮೈಸೂರು ಪಾಕ್ ಹಂಚಿದರು. ನೈರೋಬಿಯೂ ಒಂದು ತಿಂದ, ದಾರ್‌ನನ್ನು ತಬ್ಬಿಕೊಂಡು ಬೆನ್ನು ತಟ್ಟಿದ.

ಅವರು ಹೊರಡುವ ಬೆಳಗ್ಗೆ ಏರ್‌ಪೋರ್ಟಿನ ಕಾರು ಬಂದಾಗ ಅವರ ರೂಮಿಗೆ ಹೋಗಿದ್ದೆ. ದಾರ್ ಪೆಟ್ಟಿಗೆ ಇಡಿಸುತ್ತಿದ್ದ. ನೈರೋಬಿ ಗೇಟಿನ ಹತ್ತಿರ ನಿಂತಿದ್ದ. ಕಾರ್ಖಾನೆಗೆ ಆಗಲೇ ರಾಜೀನಾಮೆ ಕೊಟ್ಟಿದ್ದ, ಊರಿಗೆ ಹೋಗಿ ಬೇರೆ ಕೆಲಸ ಹುಡುಕಬೇಕು ಎಂದ. ನನಗೆ ತಡೆಯಲಾಗಲಿಲ್ಲ. ನನ್ನ ಮೇಲೆ ಸಿಟ್ಟಿದೆಯಾ ಎಂದು ಕೇಳಿದೆ.

“ಇದೆ” ಎಂದ, ಸುತ್ತುಬಳಸದೆ. “ಅವತ್ತೇ ನಿಮಗೆ ಗೊತ್ತಿತ್ತು ಅಣ್ಣ, ನಿಮ್ಮ ಮುಖ ನೋಡಿದರೇ ತಿಳಿಯುತ್ತಿತ್ತು. ನೀವೇ ಹೇಳಿದ್ದರೆ ನಾನು ಸೋತು ಮನೆಗೆ ಹೋಗುತ್ತಿದ್ದೆ, ಅಷ್ಟೇ. ಈಗ ಕೈಗೆ ಬಂದಿದ್ದನ್ನು ನಾನೇ ಬಿಟ್ಟುಕೊಟ್ಟು ಬಂದೆ ಅಂತ ಹೆಂಡತಿಗೆ ಹೇಳಬೇಕು.”

ಕೈ ಕುಲುಕಿ ಕಾರು ಹತ್ತಿದ. ಅವನು ನನ್ನ ಹತ್ತಿರ ಬಂದಿದ್ದನ್ನು ದಾರ್‌ಗೂ ಹೇಳಿರಲಿಲ್ಲ, ಬೇರೆ ಯಾರಿಗೂ ಹೇಳಲಿಲ್ಲ. ಈಗ ನನಗೆ ನಿವೃತ್ತಿಯಾಗಿದೆ. ಹಳಬರನ್ನು ಕಾಣಲು ಆಗಾಗ ತಾಂಡ್ಯಕ್ಕೆ ಹೋಗುತ್ತೇನೆ. ತನ್ನ ತಪ್ಪನ್ನು ತಾನೇ ಬರೆದುಕೊಟ್ಟ ಫೋರ್‌ಮನ್ ಇವರೇ ಎಂದು ಹೊಸದಾಗಿ ಸೇರಿದವರಿಗೆ ನನ್ನನ್ನು ತೋರಿಸುತ್ತಾರೆ. ಅವರು ಬಂದು ನಮಸ್ಕಾರ ಮಾಡುತ್ತಾರೆ, ನಾನೂ ಕೈ ಮುಗಿಯುತ್ತೇನೆ.